ರಿಪೋರ್ಟಿನ ಮೇಲಿನ ಹೆಸರು

೨೨ ಆಗಸ್ಟ್ ೨೦೦೭, ಬುಧವಾರ. ಬೆಳಿಗ್ಗೆ ೮.೩೦

ಜ್ಯೋತಿಲಕ್ಷ್ಮಿ ಈಗಷ್ಟೇ ಹೋದಳು. ಹೊಸಪೇಟೆ ಲ್ಯಾಬಿನಿಂದ ಮನೆಗೇ ಬಂದು ರಕ್ತ ತೆಗೆಯುವ ಹುಡುಗಿ. ಎಡಗೈಯಲ್ಲಿ ನರ ಇವತ್ತೂ ಸಿಗಲಿಲ್ಲ, ಬಲಗೈಗೆ ಚುಚ್ಚಿದಳು. "ಲೇಟಾತ್ರಿ ಆಚಾರ್ರೇ, ಪಾಪಿನಾಯಕನಹಳ್ಳಿ ದಾಟೋದ್ರಾಗ ಲಾರಿ ಜಾಮ್" ಅಂದಳು. ಸ್ಕೂಟಿಯಷ್ಟೇ ಅಲ್ಲ, ಅವಳ ಹುಬ್ಬೂ ಅದಿರಿನ ಧೂಳಿಗೆ ಕೆಂಪಗಿತ್ತು.

ಸೀತಾಬಾಯಿಯ ಪಾಲಿಗೆ ಇದು ಶುಗರ್ ಟೆಸ್ಟ್. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಸುಳ್ಳು ಹೇಳುವುದು ಇಷ್ಟು ಸಲೀಸು ಅಂತ ಗೊತ್ತಿರಲಿಲ್ಲ.

ಇಲ್ಲಾದರೂ ನಿಜ ಬರೆಯುತ್ತೇನೆ. ಪ್ರಾಸ್ಟೇಟ್ ಕ್ಯಾನ್ಸರ್. ಗಂಡಸಿನ ಹಾರ್ಮೋನೇ ಅದಕ್ಕೆ ಊಟವಂತೆ. ಬಳ್ಳಾರಿಯ ಡಾಕ್ಟರು ಎರಡು ದಾರಿ ಹೇಳಿದ್ದರು — ವೃಷಣ ತೆಗೆಸಿಬಿಡುವುದು, ಇಲ್ಲವೇ ಮೂರು ತಿಂಗಳಿಗೊಂದು ಇಂಜೆಕ್ಷನ್. ಇಂಜೆಕ್ಷನ್ ಅಂದೆ. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಹಾರ್ಮೋನು ಅಳೆಯುತ್ತಿರಬೇಕು. ಗಂಡಸಿಗೆ ಮುನ್ನೂರರ ಮೇಲಿರಬೇಕಾದದ್ದು ನನಗೆ ಐವತ್ತರ ಕೆಳಗಿದ್ದರೆ ಪಾಸು. ಊರಿನ ಗಂಡಸರೆಲ್ಲ ಏರಲಿ ಅನ್ನುವುದು ನನಗೆ ಮಾತ್ರ ಇಳಿಯಬೇಕು.

ರಕ್ತ ಬಿದ್ದ ದಿನ ದೇವರನ್ನು ಮುಟ್ಟುವಂತಿಲ್ಲ. ಹಂಪಿಯ ಹೊಳೆ ದಂಡೆಯ ನಮ್ಮ ಪ್ರಾಣದೇವರಿಗೆ, ಹನುಮಪ್ಪನಿಗೆ, ಇವತ್ತು ನನ್ನ ಬದಲು ಚಿಕ್ಕಪ್ಪನ ಮಗ ಸುಮಧ್ವನ ಪೂಜೆ. "ಯಾಕಣ್ಣ, ಮೈಯಾಗ ಆರಾಮಿಲ್ಲೇನು?" ಅಂದ. ಕಣ್ಣು ಗುಡಿಯ ಬೀಗದ ಕೈ ಮೇಲಿತ್ತು. ಅಥವಾ ನನಗೆ ಹಾಗನ್ನಿಸಿತು.

೨೫ ಆಗಸ್ಟ್, ಶನಿವಾರ

೧೯. ಪಾಸು.

ರಿಪೋರ್ಟಿನ ಮೇಲೆ: ಭಾರ್ಗವ್ ಕೆ., ೨೭, ಪುರುಷ. ನಮ್ಮ ಮನೆಯ ಫೋನ್ ನಂಬರ್ ಹಾಕಿದರೆ ಅವರ ಕಂಪ್ಯೂಟರಿನಲ್ಲಿ ನನ್ನ ಮಗನೇ ಬರುತ್ತಾನಂತೆ. ಸಂಡೂರಿನ ಗಣಿಗೆ ಸೇರುವಾಗ ಮೆಡಿಕಲ್ ಟೆಸ್ಟ್ ಅಲ್ಲೇ ಮಾಡಿಸಿದ್ದ. ಮೊದಲ ಸಲವೇ ಜ್ಯೋತಿ ಕೇಳಿದ್ದಳು, "ತಿದ್ಲೇನ್ರಿ?" ಇರಲಿ ಬಿಡಮ್ಮ ಅಂದಿದ್ದೆ. ನನ್ನ ಹೆಸರಿದ್ದರೆ ಸುದ್ದಿ ಮುಂದಿನ ಬಸ್ಸಿಗೇ ಗುಡಿ ತಲುಪುತ್ತದೆ. ಭಾರ್ಗವ್ ಗುಡ್ಡದ ಮೇಲೆ ಲಾರಿ ಲೋಡು ಬರೆದುಕೊಂಡು ಕೂತಿದ್ದಾನೆ. ಅವನ ಹೆಸರು ಯಾರು ನೋಡುತ್ತಾರೆ?

೧೧ ಸೆಪ್ಟೆಂಬರ್, ಮಂಗಳವಾರ

ಅಭಿಷೇಕದ ನಡುವೆ ಮತ್ತೆ ಇಂಜೆಕ್ಷನ್ನಿನ ಆ ಬಿಸಿ. ಎದೆಯಿಂದ ಕಿವಿಯ ತನಕ. ತಂಬಿಗೆ ಕೈಜಾರಿತು. ಎದೆ ಊದಿಕೊಂಡಿದೆ... ಜನಿವಾರ ತಾಗಿದರೂ ನೋವು. ಗರ್ಭಗುಡಿಯಲ್ಲಿ ಬರಿಮೈಯಲ್ಲಿ ನಿಲ್ಲುವವನು ನಾನು. ಇನ್ನು ಮೇಲೆ ಉತ್ತರೀಯ ಹೊದ್ದೇ ಇರಬೇಕು.

ಮನೆಯಲ್ಲಿ ಸೀತಾ ಬೀಸಣಿಗೆ ಹಿಡಿದು ನಕ್ಕಳು. "ನನಗ ಹತ್ತು ವರ್ಷದ ಹಿಂದ ಆದದ್ದು ನಿಮಗ ಈಗ ಬಂತೇನ್ರಿ?" ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಚಿಕ್ಕಪ್ಪ ನೆನಪಾಗುತ್ತಾನೆ. ಇಪ್ಪತ್ತು ವರ್ಷದ ಹಿಂದೆ ಕಂಪ್ಲಿಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಅವನ ಎರಡು ಬೆರಳು ಹೋದವು. ಆಗ ಗುಡಿಯ ಪೂಜೆ ಅವನದೇ. ಶಾಸ್ತ್ರದ ಪುಸ್ತಕ ತೆಗೆದವನು ನಾನು. ಅಂಗಹೀನನಿಗೂ ಷಂಡನಿಗೂ ಗರ್ಭಗುಡಿ ಇಲ್ಲ ಅಂತ ಹತ್ತು ಜನರ ಮುಂದೆ ಓದಿದೆ. ಓದುವಾಗ ದನಿ ಎಷ್ಟು ಸ್ಪಷ್ಟವಾಗಿತ್ತು. ಚಿಕ್ಕಪ್ಪ ಬೀಗದ ಕೈ ನನ್ನ ಕೈಗೆ ಕೊಡಲಿಲ್ಲ. ಹೊಸ್ತಿಲ ಮೇಲಿಟ್ಟು ಹೊರಟುಹೋದ. ಸುಮಧ್ವ ಅದನ್ನೆಲ್ಲ ನೋಡಿದ್ದಾನೆ.

ನನ್ನ ವಿಷಯ ಗೊತ್ತಾದರೆ ಅದೇ ಪುಸ್ತಕ, ಅದೇ ಪುಟ.

೨೧ ಅಕ್ಟೋಬರ್, ಭಾನುವಾರ. ವಿಜಯದಶಮಿ

ಹೊಸಪೇಟೆಯಿಂದ ಹುಡುಗಿಯ ಕಡೆಯವರು ಬಂದಿದ್ದರು. ಶ್ರೀಲಕ್ಷ್ಮೀ, ಸ್ಕೂಲ್ ಟೀಚರ್. ಜಾತಕ ಮೊದಲೇ ಕೂಡಿದೆ. ಭಾರ್ಗವ್ ಎರಡು ಸಲ ಸ್ನಾನ ಮಾಡಿದ, ಆದರೂ ಕಾಲರಿನ ಅಂಚು ಕೆಂಪು. ಬನ್ನಿ ಕೊಡುವಾಗ "ಬಂಗಾರದಂಗಿರೋಣ" ಅನ್ನುವುದನ್ನೇ ಇಬ್ಬರೂ ಮರೆತು ನಿಂತರು. ಸೀತಾ ನೆನಪಿಸಿದಳು. ಎಲ್ಲರೂ ನಕ್ಕರು. ಅವಳು ಕೊಟ್ಟ ಎಲೆಯನ್ನು ನಮ್ಮವನು ಪರ್ಸಿನಲ್ಲಿಟ್ಟುಕೊಂಡ. ನಾನು ನೋಡಲಿಲ್ಲ ಅಂದುಕೊಂಡಿದ್ದಾನೆ.

ಹುಡುಗಿಯ ಸೋದರಮಾವನೂ ಬಂದಿದ್ದ. ಮೆಡಿಕಲ್ ರೆಪ್. ಊರಿನ ಕ್ಲಿನಿಕ್ಕು, ಲ್ಯಾಬು ಎಲ್ಲ ಸುತ್ತುತ್ತಾನಂತೆ. ಮಾತುಗಾರ.

ಇಷ್ಟು ಸಂತೋಷದ ದಿನ ಬಹಳ ವರ್ಷದಿಂದ ಇರಲಿಲ್ಲ.

೨೬ ನವೆಂಬರ್, ಸೋಮವಾರ

ಕಳೆದ ಬುಧವಾರದ ರಕ್ತ. ೨೩. ಪಾಸು. ಜ್ಯೋತಿಗೆ ಜ್ವರ, ರಿಪೋರ್ಟ್ ಇವತ್ತು ತಂದಳು. ಎರಡು ದಿನ ಕೌಂಟರಿನ ಮೇಲೇ ಇತ್ತಂತೆ.

೩ ಡಿಸೆಂಬರ್, ಸೋಮವಾರ

ಜಾತಕ ವಾಪಸ್ಸು ಬಂತು. ಕೂಡುವುದಿಲ್ಲವಂತೆ. ಕೂಡಿದ ಜಾತಕ ಆರು ವಾರದಲ್ಲಿ ಹೇಗೆ ಕೆಟ್ಟಿತು? ಭಾರ್ಗವ್ ಫೋನಿನಲ್ಲಿ "ಆಗ್ಲಿ ಬಿಡ್ರಿ ಅಪ್ಪ" ಅಂದ. ಹಿಂದೆ ಕ್ರಷರಿನ ಸದ್ದು.

೯ ಡಿಸೆಂಬರ್, ಭಾನುವಾರ. ಸಂಜೆ ೬

ಸೀತಾ ಮಠದಿಂದ ಅಳುತ್ತ ಬಂದಳು. ಹೆಂಗಸರು ಹೇಳಿದರಂತೆ. "ನಮ್ಮ ಭಾರ್ಗವ ಗಂಡಸ ಅಲ್ಲಂತ್ರಿ. ಲ್ಯಾಬಿನ ರಿಪೋರ್ಟ್ ಅದಂತ. ಹುಡುಗಿ ಸೋದರಮಾವ ಕಣ್ಣಾರೆ ನೋಡ್ಯಾನಂತ. ಯಾರ್ರೀ ಹಿಂಗ ಸುಳ್ಳು ಹಬ್ಬಸವ್ರು?"

ಏನೋ ತಪ್ಪಾಗಿರಬೇಕು ಅಂದೆ. ಇಷ್ಟೇ ಅಂದೆ. ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನಾನು ಬೆನ್ನು ಸವರಿದೆ. ಆ ಕೈ ಇದೇ, ಈಗ ಬರೆಯುತ್ತಿರುವುದು.

ನಾಳೆ ಹೊಸಪೇಟೆಗೆ ಹೋಗಿ ಹೇಳಿಬಿಡಬೇಕು.

೧೦ ಡಿಸೆಂಬರ್

ಹೋಗಲಿಲ್ಲ.

೧೨ ಡಿಸೆಂಬರ್, ಬುಧವಾರ

ಕಮಲಾಪುರ ಬಸ್ ಸ್ಟ್ಯಾಂಡ್ ತನಕ ಹೋದೆ. ಎರಡು ಬಸ್ಸು ಬಿಟ್ಟೆ. ಮೂರನೆಯದರಿಂದ ಸುಮಧ್ವ ಇಳಿದ. "ಎಲ್ಲಿಗಣ್ಣ?" ಅಂದ. ಎಲ್ಲಿಗೂ ಇಲ್ಲ ಅಂದೆ. ಇಬ್ಬರೂ ಒಟ್ಟಿಗೆ ನಡೆದು ಬಂದೆವು.

೧೭ ಡಿಸೆಂಬರ್, ಸೋಮವಾರ. ಬೆಳಗಿನ ಜಾವ ೪

ಧನುರ್ಮಾಸ. ಸೀತಾ ಹುಗ್ಗಿಗೆ ಇಟ್ಟಿದ್ದಾಳೆ, ಶುಂಠಿಯ ವಾಸನೆ.

ಈ ತಿಂಗಳೊಂದು ಮುಗಿಯಲಿ. ಸಂಕ್ರಾಂತಿಗೆ ಹೇಳುತ್ತೇನೆ. ಉಪನಯನವಾದಾಗಿನಿಂದ ಆ ಕಲ್ಲು ನನಗೆ ಗೊತ್ತು. ಎಣ್ಣೆ ಹಚ್ಚುವಾಗ ದೇವರ ಬಲಭುಜದ ಮೇಲೆ ಒಂದು ಸಣ್ಣ ತಗ್ಗು ಬೆರಳಿಗೆ ಸಿಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅಪ್ಪ ನನ್ನ ಬೆರಳು ಹಿಡಿದು ತೋರಿಸಿದ್ದರು. ಅದನ್ನು ಮುಟ್ಟದೆ ಬೆಳಗು ಮಾಡುವುದು ನನಗೆ ಬರುವುದಿಲ್ಲ.

ಮಗನಿಗೆ ಹೆಣ್ಣು ಮುಂದಿನ ವರ್ಷವೂ ಸಿಕ್ಕೀತು ಅಂತ ಮನಸ್ಸು ಹೇಳುತ್ತದೆ. ಎಂಥ ಅಪ್ಪ ನಾನು... ನಾಚಿಕೆಯಾಗುತ್ತದೆ. ಆದರೂ ಹೇಳುವುದಿಲ್ಲ.

೭ ಜನವರಿ ೨೦೦೮, ಸೋಮವಾರ. ಬೆಳಿಗ್ಗೆ ೯

ಪೂಜೆ ಮುಗಿಸಿ ಬಂದರೆ ಪಡಸಾಲೆಯಲ್ಲಿ ಜ್ಯೋತಿಯ ಸ್ಕೂಟಿ ಹೆಲ್ಮೆಟ್ಟು. ನನ್ನ ಮುಂದಿನ ಟೆಸ್ಟ್ ಇನ್ನೂ ಫೆಬ್ರವರಿಗೆ. ಒಳಗೆ ನನ್ನ ಕುರ್ಚಿಯಲ್ಲಿ ಭಾರ್ಗವ್, ತೋಳು ಮಡಚಿ ಕೂತಿದ್ದಾನೆ. ರಾತ್ರಿ ಪಾಳಿ ಮುಗಿಸಿ ನೇರ ಬಂದವನು. ತಾನೇ ಅವಳನ್ನು ಕರೆಸಿದ್ದಾನೆ.

"ಕ್ಯಾಂಪಿನಾಗ ಎಲ್ಲಾರ್ಗೂ ಗೊತ್ತಾಗ್ಯದ ಅಪ್ಪ. ಡ್ರೈವರ್ರು ಸೈತ ನಗ್ತಾರ. ನನಗೂ ಡೌಟ್ ಬಂತು. ಹಳೇ ಮೆಡಿಕಲ್ನಾಗ ಏನರ ಬಂದಿದ್ರ? ನನಗ ಹೇಳಿರ್ಲಿಕ್ಕಿಲ್ಲ ಅವ್ರು."

ಜ್ಯೋತಿ ನನ್ನ ಕಡೆ ನೋಡಿದಳು. ಸೂಜಿ ಕೈಯಲ್ಲೇ ಇತ್ತು. ನಾನು ಈಗ ಹೇಳುತ್ತೇನೆ ಅಂತ ಕಾಯುತ್ತಿದ್ದಳು. ನಾನು ಗಂಧದ ಬಟ್ಟಲು ಒಳಗಿಡಲು ಹೋದೆ. ಬರುವಷ್ಟರಲ್ಲಿ ಸೀಸೆ ತುಂಬಿತ್ತು. ಅವನ ನರ ಒಂದೇ ಸಲಕ್ಕೆ ಸಿಕ್ಕಿದೆ.

೯ ಜನವರಿ, ಬುಧವಾರ

೫೪೦.

ಭಾರ್ಗವ್ ಎರಡು ಸಲ ಗಟ್ಟಿಯಾಗಿ ಓದಿದ. ನಕ್ಕ. ಗೋಡೆಗೊರಗಿ ಕೂತು ಅತ್ತುಬಿಟ್ಟ. ಒಂದು ತಿಂಗಳಿಂದ ತನ್ನ ಮೈಯನ್ನೇ ಅನುಮಾನದಿಂದ ನೋಡುತ್ತಿದ್ದನಂತೆ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದ, "ಹಂಗಾದ್ರ ಆ ರಿಪೋರ್ಟ್ ಯಾರ್ದಪ್ಪ?"

ನಂದು ಅಂದೆ. ರೋಗ, ಇಂಜೆಕ್ಷನ್, ಫೋನ್ ನಂಬರ್, ಗುಡಿ. ಎಲ್ಲ ಹೇಳಿದೆ. ಅವನು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು.

"ಕೇಳಿದ್ರ ಹೆಸರು ನಾನ ಕೊಡ್ತಿದ್ದೆ. ಅವ್ರು ಬ್ಯಾಡಂದದ್ದು ಇದಕ್ಕಂತ ನಿಮಗ ಯಾವಾಗ ಗೊತ್ತಾತು?"

ಡಿಸೆಂಬರ್ ಒಂಬತ್ತಕ್ಕೆ ಅಂದೆ.

"ಹದಿನಾಲ್ಕಕ್ಕ ಅಕಿದು ಬ್ಯಾರೆ ಕಡೆ ನಿಶ್ಚಯ ಆತು. ಹಿಂದಿನ ದಿನ ನನಗ ಫೋನ್ ಮಾಡಿದ್ಲು. ಸುಳ್ಳು ಅಂತ ಒಂದ್ ಮಾತು ಹೇಳ್ರಿ, ನಾ ಮನ್ಯಾಗ ಜಗಳಾಡ್ತೀನಿ ಅಂದ್ಲು. ನನಗ ಗೊತ್ತಿರಲಿಲ್ಲಲ್ಲಪ್ಪ... ಸುಮ್ಮನಿದ್ದೆ."

ಊಟ ಮಾಡದೆ ಸಂಡೂರಿಗೆ ಹೋದ. ಸೀತಾ ಒಂದೇ ಕೇಳಿದಳು. "ರೋಗ ಬಂದದ ಅಂತ ನನಗ್ಯಾಕ ಹೇಳಲಿಲ್ಲ?"

೧೦ ಜನವರಿ, ಗುರುವಾರ

ಹೊಸಪೇಟೆಗೆ ಹೋಗಿ ಹೇಳಿ ಬಂದೆ. ಸೋದರಮಾವನೂ ಇದ್ದ, ತಲೆ ತಗ್ಗಿಸಿದ. ಕಾಫಿ ಕೊಟ್ಟರು. "ತಡ ಆತ್ರಿ ಆಚಾರ್ರೇ" ಅಂದರು ಹುಡುಗಿಯ ತಂದೆ. ಶ್ರೀಲಕ್ಷ್ಮೀ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. ನಾನು ಹೊರಡುವಾಗಲೂ ಅಲ್ಲೇ ಇದ್ದಳು.

೧೬ ಜನವರಿ, ಬುಧವಾರ

ಸಂಕ್ರಾಂತಿಯ ಪೂಜೆ ನಿನ್ನೆ ಮುಗಿಯಿತು. ಆ ತಗ್ಗಿನಲ್ಲಿ ಬೆರಳಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ.

ಇವತ್ತು ಸುಮಧ್ವನ ಮನೆಗೆ ಹೋದೆ. ಪುಸ್ತಕ ತೆಗೆದು ಅದೇ ಪುಟ ಅವನ ಮುಂದೆ ಓದಿದೆ. ದನಿ ಏಳಲಿಲ್ಲ. ಅವನಿಗೆ ಸುದ್ದಿ ಮೊದಲೇ ಬಂದಿತ್ತು. "ಯಾರೂ ಬಾಯಿ ಬಿಡೂದಿಲ್ಲಣ್ಣ. ನೀನ ಮಾಡ್ಕೋತ ಹೋಗು" ಅಂದ. ನಿಮ್ಮಪ್ಪನಿಗೆ ನಾನು ಈ ಮಾತು ಹೇಳಲಿಲ್ಲ ಅಂದೆ. ಬೀಗದ ಕೈ ಹೊಸ್ತಿಲ ಮೇಲಿಡಲು ಬಗ್ಗಿದೆ. ತಟ್ಟನೆ ಕೈ ಹಿಡಿದ.

"ಅಲ್ಲಿ ಇಡಬ್ಯಾಡ. ನನ್ನ ಕೈಯಾಗ ಕೊಡು."

ಕೊಟ್ಟೆ.

೪ ಫೆಬ್ರವರಿ. ಬಳ್ಳಾರಿ

ಇನ್ನು ಇಂಜೆಕ್ಷನ್ ಯಾಕೆ, ತೆಗೆದುಬಿಡಿ ಅಂದಿದ್ದೆ. ಆಪರೇಷನ್ ಆಯಿತು. ಸೀತಾ ಪಕ್ಕದಲ್ಲಿದ್ದಾಳೆ. ಭಾರ್ಗವ್ ಬರಲಿಲ್ಲ.

೨೦ ಫೆಬ್ರವರಿ, ಬುಧವಾರ. ಬೆಳಿಗ್ಗೆ ೭.೪೦

ಪೂಜೆಗೆ ತಡವಾಗುತ್ತದೆ ಅಂತ ಇವತ್ತೂ ಐದಕ್ಕೆ ಎದ್ದೆ. ಸ್ನಾನವೂ ಆಯಿತು. ಆಮೇಲೆ ನೆನಪಾಗಿ ಕಟ್ಟೆಯ ಮೇಲೆ ಕೂತೆ.

ಜ್ಯೋತಿ ಬಂದಳು. ರಕ್ತ ತೆಗೆಯುತ್ತ ಕೆಳಗೇ ನೋಡಿಕೊಂಡು ಹೇಳಿದಳು. "ಭಾರ್ಗವ್ ಸರ್ ಲ್ಯಾಬಿಗೆ ಫೋನ್ ಮಾಡಿದ್ರ್ರಿ. ಅಪ್ಪಂದು ರಿಪೋರ್ಟ್ ಬಂದ ಕೂಡ್ಲೇ ನನಗ ಹೇಳ್ರಿ ಅಂದ್ರು. ನಿಮಗ ಹೇಳಬ್ಯಾಡ ಅಂದಾರ." ಹತ್ತಿ ಒತ್ತಿ ಹಿಡಿದುಕೊಂಡು ಕೂತೆ. ಅವನು ಮನೆಗೆ ಬಾರದೆ ಆರು ವಾರವಾಯಿತು.

ಈ ಸಲ ಹೆಸರು ತಿದ್ದಮ್ಮ ಅಂದೆ. ಹೊಸ ಫಾರಂ ತೆಗೆದು ಪೆನ್ನು ಕೊಟ್ಟಳು. "ನೀವ ಬರೀರಿ."

ಹೆಸರು, ಕಮಲಾಕರಾಚಾರ್. ವಯಸ್ಸು, ೫೮. ಪುರುಷ, ಸ್ತ್ರೀ ಅಂತ ಎರಡು ಚೌಕ. ಮೊದಲನೆಯದಕ್ಕೆ ಗುರುತು ಹಾಕಿದೆ. ವಿಳಾಸ ಬರೆದೆ. ಅದರ ಕೆಳಗೆ ಉದ್ಯೋಗ ಅಂತ ಒಂದು ಗೆರೆ. 'ಅ' ಅಂತ ಬರೆದೆ. ಅರ್ಚಕ, ಮೂರು ಅಕ್ಷರದ ಮಾತು. ಜ್ಯೋತಿ ಕಾಯುತ್ತಿದ್ದಳು. ಉಳಿದೆರಡು ಅಕ್ಷರ ಬರೆಯದೆ ಫಾರಂ ಅವಳ ಕೈಗೆ ಕೊಟ್ಟೆ.