ಎಲ್ಡರ್‌ಫೋರ್ಡಿನಲ್ಲಿ ಅವ್ವ ಕಾಣೆಯಾದ ದಿನ

ಎಲ್ಡರ್‌ಫೋರ್ಡ್, ಓಹಾಯೋ
೨೧೬೧, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಧಾರವಾಡದ ಶಿವಗಂಗಾ ಅವರಿಗೆ,

ನೀವು ನನ್ನ ಅಜ್ಜಿಯ ಅಜ್ಜಿ. ಆದರೆ ನಮ್ಮಲ್ಲೀಗ ಹಿಂದಿನ ಕಾಲಕ್ಕೂ ಅಂಚೆ ಹೋಗುತ್ತದೆ. ಈ ಕಾಗದ ಓದುವಾಗ ನಿಮಗಿನ್ನೂ ಮೂವತ್ತೈದು, ಅದಕ್ಕೇ ಹೆಸರು ಹಿಡಿದು ಕರೆದಿದ್ದೇನೆ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಕನ್ನಡ ಹೆಚ್ಚಾಗಿ ಹೆತ್ತ ಅವ್ವನ ಬಾಯಿಂದ ಕಲಿತದ್ದು. ಎಲ್ಲಿಯಾದರೂ ವಿಚಿತ್ರವೆನಿಸಿದರೆ ತಪ್ಪು ನನ್ನದು, ಅವಳದಲ್ಲ.

ನಾನು ಶಾಲ್ಮಲಾ. ನೆರಳುಹಾಸು ರಿಪೇರಿ ಮಾಡುತ್ತೇನೆ. ಬಿಸಿಲು ಏರಿದಾಗ ಬೀದಿಯ ಉದ್ದಕ್ಕೂ ಎಳೆಯುವ ಬಟ್ಟೆಯ ಛಾವಣಿಗೆ ಹಾಗೆನ್ನುತ್ತೇವೆ. ಈ ಊರಿನಲ್ಲಿ ಒಂಬತ್ತು ಸಾವಿರ ಜನ. ನಾಲ್ಕು ದಾರಿ ಕೂಡುವಲ್ಲಿ ಎರಡು ಗಾಡಿ ಎದುರಾದರೆ, ‘ನೀವು ಮೊದಲು’ ಎಂದು ಇಬ್ಬರೂ ಕೈ ಬೀಸುತ್ತ ನಿಂತೇ ಇರುತ್ತಾರೆ. ಮೊಳೆ, ಹಗ್ಗ ಮಾರುವ ಅಂಗಡಿಯವರು ಊಟಕ್ಕೆ ಹೋಗುವಾಗ ಬಾಗಿಲು ಹಾಕುವುದಿಲ್ಲ. ನದಿಯ ಕಡೆಯಿಂದ ಗಾಳಿ ಬಂದರೆ ನೆರಳುಹಾಸು ಪಟಪಟ ಅನ್ನುತ್ತದೆ. ಮಧ್ಯಾಹ್ನ ಕೇಳುವುದು ಅದೊಂದೇ ಸದ್ದು.

ಐದು ವರ್ಷದ ಹಿಂದೆ, ಶಿಕಾಗೋದ ತೊಂಬತ್ತನೆಯ ಮಹಡಿಯಿಂದ ಅವ್ವನನ್ನು ಕರೆದುಕೊಂಡು ಇಲ್ಲಿಗೆ ಬಂದೆ. ಅವಳಿಗಾಗ ಎಂಬತ್ತನಾಲ್ಕು. ಅಲ್ಲಿ ನಮ್ಮ ಮಹಡಿಯಲ್ಲೇ ಕನ್ನಡ ಬಲ್ಲ ಏಳು ಮನೆಗಳಿದ್ದವು. ಇಲ್ಲಿ ಒಂದೂ ಇಲ್ಲ.

"ಇದೇನ ಊರೋ ಸುಡಗಾಡೋ? ಒಂದ ನಾಯೀನೂ ಬೊಗಳಂಗಿಲ್ಲ," ಎಂದು ದಿನಾ ಕಿಟಕಿಯ ಬಳಿ ಕೂತು ಅನ್ನುತ್ತಿದ್ದಳು. ಮಾತು ಕಡಿಮೆಯಾಯಿತು, ಆಮೇಲೆ ಊಟವೂ. ನನಗೆ ಹೆದರಿಕೆಯಾಗಿ ಶಿಕಾಗೋದಲ್ಲೇ ಮತ್ತೆ ಕೆಲಸ ಕೇಳಿದೆ. ಸಿಕ್ಕಿತು. ಒಪ್ಪಿಗೆಯ ಉತ್ತರ ಬರೆದಿಟ್ಟು, ಮರುದಿನ ಕಳಿಸಿದರಾಯಿತು ಎಂದು ಕೆಲಸಕ್ಕೆ ಹೋದೆ.

ಮಧ್ಯಾಹ್ನ ಮನೆಗೆ ಬಂದರೆ ಅವ್ವ ಇರಲಿಲ್ಲ. ಮಾತುಮಣಿ ಮೇಜಿನ ಮೇಲಿತ್ತು. ಒಂದು ಭಾಷೆಯನ್ನು ಇನ್ನೊಂದರಲ್ಲಿ ಕಿವಿಗೆ ಹೇಳುವ ಮಣಿ ಅದು. ಅದಿಲ್ಲದೆ ಅವಳಿಗೆ ಇಲ್ಲಿ ಯಾರ ಮಾತೂ ತಿಳಿಯದು. ಬೀದಿಗೆ ಓಡಿದೆ. ಮೊದಲು ಸಿಕ್ಕ ಕ್ಷೌರದಂಗಡಿಗೆ ನುಗ್ಗಿದೆ. ಏನನ್ನೂ ಕೇಳುವ ಮೊದಲೇ ಅಂಗಡಿಯಾತ, "ಕೆಂಪು ಸೀರೆಯವರಾ? ಹನ್ನೊಂದಕ್ಕೆ ಬ್ರೆಡ್ ಅಂಗಡಿ ಕಡೆ ಹೋದರು. ಸೇತುವೆಗೆ ಹೋಗುವ ದಾರಿಯಲ್ಲ, ಚಿಂತೆ ಮಾಡಬೇಡಿ," ಎಂದ. ಬ್ರೆಡ್ ಅಂಗಡಿಯಾಕೆ, "ಇಲ್ಲಿ ಕೂತು ನೀರು ಕುಡಿದರು. ಡೆಲ್ಫೀನ್ ಅವರ ಮನೆ ಬೀದಿಗೆ ತಿರುಗುವವರೆಗೆ ನಾನು ಬಾಗಿಲಲ್ಲೇ ನಿಂತು ನೋಡಿದೆ," ಎಂದಳು. ಈ ಊರಿನವರು ನಮ್ಮನ್ನು ಗಮನಿಸುವುದೇ ಇಲ್ಲ ಎಂದುಕೊಂಡಿದ್ದೆ. ಅವರು ಮಾತಾಡಿಸಿರಲಿಲ್ಲ, ಅಷ್ಟೆ.

ಡೆಲ್ಫೀನ್ ನದಿಯ ದೋಣಿಗಳಲ್ಲಿ ದುಡಿದು ನಿವೃತ್ತಳಾದ ಒಂಟಿ ಹೆಂಗಸು. ಅವಳ ಹಿತ್ತಿಲಲ್ಲಿ ಅವ್ವ ಕುಕ್ಕರಗಾಲಲ್ಲಿ ಕೂತಿದ್ದಳು, ಸೆರಗಿನ ತುಂಬ ಸೊಪ್ಪು.

"ಬಾ ಶಾಲೂ. ಈಕಿ ನೋಡ, ಗೋಳಿ ಪಲ್ಲೆ ಕಿತ್ತ ಕಿತ್ತ ಒಗ್ಯಾಕತ್ತಾಳ. ತಿನ್ನೂದನ್ನ ಯಾರರೆ ಒಗೀತಾರೇನ? ಹುಚ್ಚಿ."

ಡೆಲ್ಫೀನ್ ಪಕ್ಕದಲ್ಲಿ ಕಳೆಯ ಬುಟ್ಟಿ ಹಿಡಿದು ನಿಂತಿದ್ದಳು. ನಾನು ಕ್ಷಮೆ ಕೇಳಿದೆ.

"ಬೈಯುತ್ತಿದ್ದಾರೆ ಅಂತ ಗೊತ್ತಾಯಿತು," ಎಂದಳು. "ಬೈಯಲಿ ಬಿಡು. ನನ್ನ ಮನೆಗೆ ಬಂದು ಯಾರಾದರೂ ನನ್ನನ್ನು ಬೈದು ಆರು ವರ್ಷವಾಯಿತು."

ಅವತ್ತು ಅವ್ವ ಅವಳ ಒಲೆಯ ಮುಂದೆ ನಿಂತು ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿದಳು. ತಾನೂ ಎರಡು ಸಲ ಬಡಿಸಿಕೊಂಡಳು. ಎಷ್ಟೋ ವಾರಗಳ ಮೇಲೆ ಅವಳು ಹೊಟ್ಟೆತುಂಬ ಉಂಡದ್ದನ್ನು ನೋಡಿ ನಾನು ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ ಅತ್ತೆ. ಒಪ್ಪಿಗೆಯ ಉತ್ತರ ಕಳಿಸಲಿಲ್ಲ.

ಈಗ ಅವಳಿಗೆ ಎಂಬತ್ತೊಂಬತ್ತು. ಇಬ್ಬರೂ ಸಂಜೆ ಡೆಲ್ಫೀನಳ ಜಗಲಿಯಲ್ಲಿ ಕೂತು, ಮಾತುಮಣಿ ಇಲ್ಲದೆ, ಅವರವರ ಭಾಷೆಯಲ್ಲಿ ಜಗಳವಾಡುತ್ತಾರೆ. ಇಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ, ಶಿವಗಂಗಾ ಅವರೇ. ನಾವು ಚೆನ್ನಾಗಿದ್ದೇವೆ. ನಿಮ್ಮ ಮುಂದಿನವರ ಬಗ್ಗೆ ನಿಮಗೆ ಚಿಂತೆಯಿದ್ದರೆ, ಇಷ್ಟು ತಿಳಿಸಬೇಕೆನಿಸಿತು.

ಇಂದು ಶನಿವಾರ, ಬೀದಿಯವರೆಲ್ಲ ಒಟ್ಟಿಗೆ ಉಣ್ಣುವ ದಿನ. ಮೇಜು ಹಾಕುವ ಸರದಿ ನನ್ನದು, ಏಳಬೇಕು. ಹೊರಡುವಾಗ ಹೋಗುತ್ತೇನೆ ಎನ್ನಬಾರದಂತೆ. ನಿಮಗೆ ಹೇಳುವಾಗ ಅದು ಬರಿಯ ಶಾಸ್ತ್ರದ ಮಾತೂ ಅಲ್ಲ, ನಿಮ್ಮ ಕಾಲಕ್ಕೆ ನಾನಿನ್ನೂ ಹುಟ್ಟಿ ಬರಬೇಕಾದವಳು.

ಬರುತ್ತೇನೆ.

ಶಾಲ್ಮಲಾ