ಒಂಬತ್ತನೇ ನಂಬರಿನ ಬೂಟು, ಮಂಜಿಯ ಬೆನ್ನು

ಕಾರ್ಖಾನೆಗಳ ತಪಾಸಣೆಗೆಂದೇ ಸರಕಾರ ಕುರ್ಚಿ ಕೊಟ್ಟು ಕೂರಿಸಿರುವ ಮಾನ್ಯರೇ,

ಮಂಜಿ ಬರಿಗಾಲಲ್ಲಿದ್ದಳು ಎಂದು ನೀವು ಬರೆದದ್ದು ಸುಳ್ಳು. ಹರಕೆಯ ಮೂಢನಂಬಿಕೆಯಿಂದ ಬೂಟು ಬಿಚ್ಚಿಟ್ಟು ಕೆಲಸ ಮಾಡುತ್ತಿದ್ದಳು, ಹಾಗಾಗಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು ಎಂದು ನಿಮ್ಮ ವರದಿ ಹೇಳುತ್ತದೆ. ನಾನು ಏಳನೇ ಇಯತ್ತೆ ಕಲಿತವಳು. ಸರಕಾರಿ ಕನ್ನಡ ನನ್ನ ತಲೆಗೆ ಹೋಗುವುದು ನಿಧಾನ. ನಾಲ್ಕು ಸಲ ಓದಿದ ಮೇಲೆ ಹೋಯಿತು. ಆಗ ಬಂಗಡೆ ಕೊಯ್ಯುತ್ತಿದ್ದ ಕತ್ತಿಯನ್ನು ಹಲಗೆಗೆ ಹೇಗೆ ಬಡಿದೆನೆಂದರೆ, ಅದನ್ನು ಕಿತ್ತು ತೆಗೆಯಲು ನನ್ನ ಗಂಡ ಎದ್ದು ಬರಬೇಕಾಯಿತು. ಆ ಹೊತ್ತಿಗೆ ನೀವು ನನ್ನೆದುರು ಇರಲಿಲ್ಲ. ಅದು ನಿಮ್ಮ ಪುಣ್ಯ.

ಹೊನ್ನಾವರದ ಕಡಲದಂಡೆಯ ಆ ಮೀನು ಘಟಕದಲ್ಲಿ ನಾವು ನಲವತ್ತು ಹೆಂಗಸರು. ಸಿಗಡಿ ಸುಲಿಯುತ್ತೇವೆ, ಮೀನು ಕೊಯ್ಯುತ್ತೇವೆ, ಐಸು ತುಂಬಿದ ಕ್ರೇಟು ಹೊರುತ್ತೇವೆ. ಮಂಜಿ ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ನಿಂತು ದುಡಿದವಳು. ಎಲ್ಲರಿಗೂ ಕೊಟ್ಟದ್ದು ಒಂದೇ ಅಳತೆಯ ಗಮ್‌ಬೂಟು, ಗಂಡಸರ ಒಂಬತ್ತನೇ ನಂಬರು. ನನ್ನ ಕಾಲು ಐದು, ಮಂಜಿಯದು ನಾಲ್ಕು. ಹಳೇ ಸೀರೆ ಹರಿದು ಬೂಟಿನ ಮೂತಿಗೆ ತುರುಕಿ, ಬಲೆಯ ಹುರಿಯಿಂದ ಪಾದದ ಗಂಟಿನ ಹತ್ತಿರ ಬಿಗಿದು ಕಟ್ಟಿ ನಿಲ್ಲುತ್ತಿದ್ದೆವು. ಆದರೂ ಕಾಲು ಒಳಗೇ ಜಾರುತ್ತದೆ. ಜಾರದಂತೆ ಬೆರಳು ಮಡಚಿ ಹಿಡಿಯಬೇಕು. ಬೆರಳು ಮಡಚಿದರೆ ಮೊಣಕಾಲು ಸೆಟೆಯುತ್ತದೆ, ಆಮೇಲೆ ಇಡೀ ದಿನದ ಭಾರ ಸೊಂಟದ ಮೇಲೆ. ಒಂಬತ್ತು ತಾಸು ಹಾಗೆ ನಿಂತು ನೋಡಿದ್ದೀರಾ ಮಾನ್ಯರೇ?

ನಮ್ಮಲ್ಲಿ ಹಲವರು ನವರಾತ್ರಿಯಲ್ಲಿ ಅಮ್ಮನವರಿಗೆ ಹರಕೆ ಹೊತ್ತು ಒಂಬತ್ತು ದಿನ ಕಾಲಿಗೆ ಏನೂ ಹಾಕುವುದಿಲ್ಲ. ಬೂಟಿಲ್ಲದೆ ಒಳಗೆ ಬಿಡುವುದಿಲ್ಲವಾದ್ದರಿಂದ ಅಷ್ಟು ದಿನ ರಜೆ ಹಾಕುತ್ತೇವೆ. ಪ್ರತಿ ವರ್ಷ ಆ ಒಂಬತ್ತು ದಿನ ನನ್ನ ಬೆನ್ನುನೋವು ಮಾಯ. ದಶಮಿ ಕಳೆದು ಕೆಲಸಕ್ಕೆ ಹೋದ ಮೂರನೇ ದಿನಕ್ಕೆ ಮತ್ತೆ ಹಾಜರು. ನಾನು ದಡ್ಡಿ, ಹರಕೆಯಲ್ಲಿ ಏನೋ ಕುಂದಾಗಿದೆ ಎಂದುಕೊಂಡು ಮತ್ತೊಂದು ಹರಕೆ ಹೊತ್ತೆ. ಆರು ವರ್ಷ ಹೀಗೇ ನಡೆಯಿತು. ಕಡೆಗೆ ಕುಮಟಾದ ಮೂಳೆ ಡಾಕ್ಟರಮ್ಮನ ಹತ್ತಿರ ಹೋದಾಗ ಅವರು ದಿನವಿಡೀ ಕಾಲಿಗೆ ಹಾಕುವುದನ್ನು ತರಲು ಹೇಳಿದರು. ಚೀಲದಲ್ಲಿ ಒಯ್ದು ತೋರಿಸಿದೆ, ಹರಕೆಯ ಕತೆಯನ್ನೂ ಹೇಳಿದೆ. ನನ್ನ ಪಾದದ ಪಕ್ಕ ಬೂಟಿಟ್ಟು ಮೊದಲು ನಕ್ಕರು. ಆಮೇಲೆ ನಗಲಿಲ್ಲ.

"ದೇವ್ರ ಮೇಲೆ ಎಂತಕ್ಕೆ ಹಾಕ್ತ್ರಿ ಅಮ್ಮ? ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತ್ರೂ ಬೆನ್ನು ಹಾಳೇ. ನಿಮ್ಮ ಕಾಲಿಗೆ ಸರಿ ಕೂರೂದು, ಅಡಿ ಮೆತ್ತಗಿದ್ದದ್ದು ಬೇಕು. ಇದು ನಿಮ್ಗಲ್ಲ, ನಿಮ್ಮ ಗಂಡಂಗೂ ದೊಡ್ಡದು," ಎಂದರು.

ಇದಾಗಿ ತಿಂಗಳೊಳಗೆ ನೀವು ತಪಾಸಣೆಗೆ ಬಂದಿರಿ. ಮೇಲ್ವಿಚಾರಕ ದೇವರಾಜ ಮುನ್ನಾದಿನವೇ, "ಆ ಸೀರೆ ಚಿಂದಿ ಗಿಂದಿ ಎಲ್ಲ ತೆಗೀರಿ, ಸಾಹೇಬ್ರ ಎದ್ರು ಮರ್ಯಾದೆ ಕಳೀಬೇಡಿ," ಎಂದಿದ್ದ. ತೆಗೆದೆವು. "ಬೂಟು ಅನುಕೂಲ ಇದೆಯಾ ತಾಯಿ?" ಎಂದು ನೀವು ನನ್ನನ್ನೇ ಕೇಳಿದಿರಿ. ಬಂದವರ ಎದುರು ಮನೆಯ ಹುಳುಕು ಆಡಬಾರದೆಂದು ಬೆಳೆದ ಬಾಯಿ ಇದು. "ಎಂತಾ ತೊಂದ್ರೆ ಇಲ್ಲ ಸಾಹೇಬ್ರೆ," ಎಂದು ನಕ್ಕೆ. ನಲವತ್ತು ಜನವೂ ನಕ್ಕೆವು. ನೀವು ಫೋಟೋ ತೆಗೆಸಿಕೊಂಡು ಎಳನೀರು ಕುಡಿದು ಹೋದಿರಿ. ಬಗ್ಗಿ ಒಂದು ಬೂಟಿನ ನಂಬರು ನೋಡಲು ನಿಮ್ಮ ಬೆನ್ನಿಗೂ ತ್ರಾಸವಿತ್ತೇನೋ! ಆ ಸುಳ್ಳಿಗಾಗಿ ಅಮ್ಮನವರಿಗೆ ತಪ್ಪುಕಾಣಿಕೆ ಹಾಕಿದ್ದೇನೆ. ನೀವು ಯಾವ ಹುಂಡಿಗೆ ಹಾಕುತ್ತೀರಿ?

ದೀಪಾವಳಿ ಕಳೆದ ಎರಡನೇ ದಿನ ನಾನೂ ಮಂಜಿಯೂ ಕ್ರೇಟಿನ ಎರಡು ತುದಿ ಹಿಡಿದು ಹೊರಟಿದ್ದೆವು. ಅವಳ ಬೂಟಿಗೆ ಕಟ್ಟಿದ್ದ ಹುರಿ ಹರಿಯಿತು. ಅವಳ ಕಾಲು ಬೂಟಿನಿಂದ ಕಳಚಿ ಹೊರಬಂತು. ಹಿಂದಕ್ಕೆ ಬಿದ್ದವಳ ಸೊಂಟ ಚರಂಡಿಯ ಕಬ್ಬಿಣದ ಅಂಚಿಗೆ ಬಡಿದ ಸದ್ದು ನನ್ನ ಹಲ್ಲಿನಲ್ಲಿ ಇನ್ನೂ ಇದೆ. ಬೂಟು ಮಾತ್ರ ಐಸುನೀರಿನಲ್ಲಿ ನಿಂತೇ ಇತ್ತು. "ಶಾಂಬಕ್ಕಾ, ನನ್ನ ಕಾಲು ಎಲ್ಲಿದೆ?" ಎಂದು ಮಂಜಿ ಕೇಳುತ್ತಿದ್ದಳು. ಓಡಿ ಬಂದ ದೇವರಾಜ ಮೊದಲು ಎತ್ತಿದ್ದು ಅವಳನ್ನಲ್ಲ, ಬೂಟನ್ನು. ಇನ್ನೊಂದನ್ನೂ ಅವಳ ಕಾಲಿನಿಂದ ಎಳೆದು ತೆಗೆದು, "ಹರಕೆ ಅಂತ ಬರಿಗಾಲಲ್ಲಿ ಕುಣಿದ್ರೆ ಹಿಂಗೇ ಆಗೂದು. ಎಲ್ರೂ ನೋಡಿದ್ರಲ್ದಾ?" ಎಂದ.

ಹೌದು ಮಾನ್ಯರೇ, ಹೊಡೆದೆ. ಅವನ ಕೈಯಿಂದ ಅದೇ ಬೂಟು ಕಸಿದು ಮುಖಕ್ಕೆ ಬಾರಿಸಿದೆ. ಮೊದಲ ಏಟಿಗೆ ಮೂಗಿನಿಂದ ರಕ್ತ ಬಂತು. ಮೂರನೇ ಏಟಿಗೆ ನಾಲ್ಕು ಹೆಂಗಸರು ನನ್ನನ್ನು ಹಿಡಿದರು. "ಬಿಡೇ ಶಾಂಬಕ್ಕಾ, ಸಾಯ್ತಾನೆ ಅವ!" ಎಂದು ಕೂಗಿದವಳು ಅವನಿಂದ ದಿನಾ ಬೈಸಿಕೊಳ್ಳುತ್ತಿದ್ದ ಕಮಲಿಯೇ. ಆ ಏಟುಗಳಿಗೆ ನಾನು ಇವತ್ತಿಗೂ ಪಶ್ಚಾತ್ತಾಪಪಡುತ್ತಿಲ್ಲ. ಪೊಲೀಸು ಕೇಸಾಗಿದೆ, ಕೆಲಸ ಹೋಗಿದೆ, ಕೋರ್ಟಿನಲ್ಲಿಯೂ ಹೊಡೆದೆ ಎಂದೇ ಹೇಳುತ್ತೇನೆ. ಆದರೆ ನೀವು? ಏಟು ತಿಂದವನ ಬಾಯಿಮಾತನ್ನು ಹಾಗೆಯೇ ಬರೆದುಕೊಂಡಿರಿ. ಮಂಜಿಯ ಮನೆಗೆ ಹೋಗಲಿಲ್ಲ. ನಮ್ಮಲ್ಲಿ ಒಬ್ಬಳನ್ನೂ ಕೇಳಲಿಲ್ಲ. ನವರಾತ್ರಿ ಮುಗಿದ ಮೇಲೆ ದೀಪಾವಳಿ ಬರುತ್ತದೆಂದು ಗೋಡೆಯ ಕ್ಯಾಲೆಂಡರಾದರೂ ಹೇಳುತ್ತಿತ್ತಲ್ಲ, ಅದನ್ನೂ ಕೇಳಲಿಲ್ಲ.

ಇನ್ನೊಂದು ಮಾತು ನಿಮಗೆ ಗೊತ್ತಿಲ್ಲ. ಈ ಸಲದ ನವರಾತ್ರಿಯ ಎಂಟನೇ ದಿನ ಲೋಡು ಬಂತೆಂದು ದೇವರಾಜ ಮಂಜಿಯನ್ನು ಕರೆಸಿದ್ದ. ಬರದಿದ್ದರೆ ನಾಳೆಯಿಂದ ಬೇಡ ಎಂದಿದ್ದ. ಹೋದಳು, ಬೂಟು ಹಾಕಿದಳು, ಹರಕೆ ಮುರಿದಳು. ಹರಕೆಗಾಗಿ ಬೂಟು ಬಿಟ್ಟವಳಲ್ಲ ಅವಳು, ನಿಮ್ಮ ಬೂಟಿಗಾಗಿ ಹರಕೆ ಬಿಟ್ಟವಳು. ನಿಮ್ಮ ವರದಿಯನ್ನು ಅವಳ ಮಗಳು ದೀಪಿಕಾ ಓದಿ ಹೇಳಿದ ಮೇಲೆ ಮಂಜಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಮೊನ್ನೆ ಪ್ರಸಾದ ಒಯ್ದರೆ ಕೈ ಚಾಚಲಿಲ್ಲ. "ಸಾಹೇಬ್ರೇ ಹರಕೆ ಅಂತ ಬರ್ದಿದ್ರಲೆ ಶಾಂಬಕ್ಕಾ. ಅಂದ್ರೆ ಖರೆನೇ, ಅಮ್ಮನೇ ನೂಕಿದ್ದು. ನಂಗೆ ಪ್ರಸಾದ ಬ್ಯಾಡ," ಎಂದಳು.

ಎಲ್ಲ ಹೆಂಗಸರಿಗೂ ಅವರವರ ಕಾಲಳತೆಯ ಬೂಟು ಕೊಡಿಸಿ, ಅದು ನಿಮ್ಮ ಕೆಲಸ. ಅದಕ್ಕೂ ಮೊದಲು ವರದಿಯಿಂದ ಆ ಹರಕೆಯ ಸಾಲು ಹೊಡೆದುಹಾಕಿ. ತಿದ್ದಿದ ಕಾಗದವನ್ನು ಟಪಾಲಿನಲ್ಲಿ ಕಳಿಸಬೇಡಿ. ನೀವೇ ಬಂದು ಮಂಜಿಯ ಮಂಚದ ಪಕ್ಕ ಕುಳಿತು, ಅವಳಿಗೆ ಕೇಳುವ ಹಾಗೆ, ಬೂಟು ದೊಡ್ಡದಿತ್ತು, ಅದಕ್ಕೇ ಬಿದ್ದೆ ತಂಗಿ ಎಂದು ಓದಿ ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ. ನಿಮ್ಮ ಮೊಹರಿನ ಮಾತನ್ನು ನಂಬುತ್ತಾಳೆ.

ಇಂತಿ, ಜಾಮೀನಿನ ಮೇಲೆ ಮನೆಯಲ್ಲಿ ಕುಳಿತು, ನೀವು ಬರುವ ದಾರಿ ಕಾಯುತ್ತಿರುವ,
ಶಾಂಭವಿ ದಿನಕರ ಹರಿಕಾಂತ
ಹೊನ್ನಾವರ ತಾಲೂಕು