ಒಂದು ಗಂಟೆ ಹಿಂದೆ

ಸಮುದ್ರದ ಆರನೇ ದಿನ
ಹಡಗಿನ ಗಡಿಯಾರದಲ್ಲಿ ಬೆಳಿಗ್ಗೆ ಎಂಟೂವರೆ, ನಮ್ಮ ಮನೆಯ ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ

ಮನೆಯ ಸರ್ವಾಧಿಕಾರಿಗಳಾದ ನನ್ನ ಶ್ರೀಮತಿಯವರ ಸನ್ನಿಧಾನಕ್ಕೆ,

ಕೆಳಗೆ ಸಹಿ ಮಾಡಿರುವ ನಿನ್ನ ಗಂಡ ಅರಿಕೆ ಮಾಡಿಕೊಳ್ಳುವುದೇನೆಂದರೆ, ಆರು ದಿನ ಒಂದು ಗೆರೆಯನ್ನೂ ಬರೆಯದಿದ್ದದ್ದು ತಪ್ಪು. ಸಮುದ್ರದ ನಡುವೆ ಅಂಚೆಡಬ್ಬಿ ಇಲ್ಲವೆಂಬ ನೆಪವಿತ್ತು, ಅದನ್ನು ಚೆನ್ನಾಗಿ ಬಳಸಿಕೊಂಡೆ. ಕ್ಷಮಿಸು. ‘ನಾವಿಲ್ಲಿ ಕ್ಷೇಮ, ನೀವಲ್ಲಿ ಕ್ಷೇಮವೆಂದು ನಂಬಿರುತ್ತೇವೆ’ ಎಂಬ ವಾಕ್ಯವನ್ನು ನಲವತ್ತು ವರ್ಷ ಕಂಡಕಂಡ ಕಾಗದದ ತಲೆಗೆಲ್ಲ ಟೋಪಿಯಂತೆ ತೊಡಿಸುತ್ತಿದ್ದೆ. ಇವತ್ತು ಅದರ ಅರ್ಧಕ್ಕೆ ಬಂದು ಪೆನ್ನು ನಿಂತಿತು.

ಯಾಕೆಂದರೆ ನೀನೀಗ ಆಪರೇಷನ್ ಕೋಣೆಯಲ್ಲಿದ್ದೀಯೆ. ಒಂದು ಗಂಟೆ ಹಿಂದೆ ನನಗೆ ತಿಳಿಯಿತು. ನಿನ್ನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ನಿನಗೆ ಗೊತ್ತು, ತಮ್ಮನಿಗೆ ಗೊತ್ತು, ತಂಗಿಗೆ ಗೊತ್ತು, ರಕ್ತ ತೆಗೆದ ಹುಡುಗಿಗೂ ಗೊತ್ತು. ಗಂಡನೆಂಬ ಪ್ರಾಣಿಗೆ ಮಾತ್ರ ‘ನನಗೆ ನೀರು ಕಂಡರೆ ತಲೆ ಸುತ್ತುತ್ತೆ, ನೀವು ಭಾವ-ಮೈದುನ ಹೋಗಿ ಬನ್ನಿ’ ಎಂದು ಹೇಳಿ, ಸೂಟ್‌ಕೇಸಿಗೆ ಆರು ಬನಿಯನ್ ತುಂಬಿ ಕಳಿಸಿಕೊಟ್ಟೆ. ಮೂರು ಗಂಟೆ ಹಿಡಿಯುತ್ತದಂತೆ. ಮುಗಿದ ಮೇಲೆ ನಿನ್ನ ತಂಗಿ ಹಡಗಿನ ಕಚೇರಿಗೆ ಫೋನ್ ಮಾಡುತ್ತಾಳಂತೆ. ಅಲ್ಲಿಯವರೆಗೆ ಈ ಕೈಗಳಿಗೊಂದು ಕೆಲಸ ಬೇಕು. ನಾನೂ ನಿನ್ನ ತಮ್ಮನೂ ಕಚೇರಿಯ ಕೌಂಟರಿನ ಎದುರಿನ ಸೋಫಾದಲ್ಲಿ, ಪರೀಕ್ಷೆಯ ಕೋಣೆಯ ಹೊರಗೆ ಕೂತ ಹುಡುಗರಂತೆ ಕೂತಿದ್ದೇವೆ. ಈಗ ಫೋನ್ ಬಡಿದುಕೊಂಡಿತು. ಇಬ್ಬರೂ ಎದ್ದು ನಿಂತೆವು. ಯಾರಿಗೋ ಇನ್ನೊಂದು ದಿಂಬು ಬೇಕಂತೆ.

‘ಹೇಗಿತ್ತು ಅಂತ ಬಂದು ಹೇಳಿ’ ಎಂದಿದ್ದೆಯಲ್ಲ, ಹೇಳುತ್ತೇನೆ. ಇದು ವಿಹಾರವಲ್ಲ, ವರ್ಗಾವಣೆ. ಒಂದು ದಡದಲ್ಲಿ ಚಳಿ ಶುರುವಾದರೆ ಹಡಗಿಗೆ ಬಿಸಿಲಿರುವ ಇನ್ನೊಂದು ದಡಕ್ಕೆ ಆರ್ಡರ್ ಆಗುತ್ತದೆ. ಹೇಗೂ ಹೋಗಲೇಬೇಕು, ಖಾಲಿ ಯಾಕೆ ಹೋಗಬೇಕೆಂದು ನಮ್ಮಂಥವರನ್ನು ಅಗ್ಗದಲ್ಲಿ ತುಂಬಿಕೊಳ್ಳುತ್ತಾರೆ. ಮೂವತ್ತು ವರ್ಷ ಪರರ ವರ್ಗಾವಣೆ ಆದೇಶ ಟೈಪ್ ಮಾಡಿದವನಿಗೆ ಇದಕ್ಕಿಂತ ತಕ್ಕ ಮರ್ಯಾದೆ ಉಂಟೇ? ವರ್ಗವಾದದ್ದು ಹಡಗು, ಲಾರಿಯಲ್ಲಿ ಹೇರಿದ ಪಾತ್ರೆಪಗಡ ನಾವು. ಹೋಗುವುದಕ್ಕೆ ಮಾತ್ರ ಟಿಕೆಟ್ಟು, ಹಡಗು ಹಿಂದಕ್ಕೆ ಬರುವುದಿಲ್ಲ. ನಡುವೆ ಒಂದು ಊರಿಲ್ಲ, ಒಂದು ದ್ವೀಪವಿಲ್ಲ. ಎಂಟು ದಿನ ಬರೀ ನೀರು. ‘ಸ್ವಲ್ಪ ನಿಲ್ಸಪ್ಪಾ, ಇಳೀಬೇಕು’ ಎಂದು ಯಾರಿಗೆ ಹೇಳಲಿ?

ಪ್ರಯಾಣಿಕರಲ್ಲಿ, ನಿನ್ನ ತಮ್ಮನನ್ನು ಬಿಟ್ಟರೆ, ನಾನೇ ಎಳೆಯವನೋ ಏನೋ. ಪಕ್ಕದ ಕೋಣೆಯ ಹಲ್ಲಿನ ಡಾಕ್ಟರಮ್ಮನಿಗೆ ಇದು ಹನ್ನೊಂದನೇ ಸಲ. ಮೊದಲ ದಿನವೇ ಬುದ್ಧಿ ಹೇಳಿದರು: “ಮೂರನೇ ದಿನಕ್ಕೆ ಜೊತೆಗೆ ಬಂದೋರ ಮುಖ ಕಂಡ್ರೆ ಆಗಲ್ಲ. ತಡ್ಕೊಳ್ಳಿ. ಐದನೇ ದಿನಕ್ಕೆ ತಾನೇ ಸರಿ ಹೋಗತ್ತೆ.” ಓಣಿಯಲ್ಲಿ ಹಳೇ ಕಾರ್ಪೆಟ್ ಕಿತ್ತು ಹೊಸದು ಹಾಸುತ್ತಿದ್ದಾರೆ, ಅಂಟಿನ ವಾಸನೆ. ನಾಲ್ಕನೇ ದಿನ ಅಲೆ ಎದ್ದು, ಊಟದ ತಟ್ಟೆ ಮೇಜಿನ ಈ ತುದಿಯಿಂದ ಆ ತುದಿಗೆ ತಾನೇ ಬಡಿಸಿಕೊಂಡು ಹೋಯಿತು.

ಎಲ್ಲಕ್ಕಿಂತ ವಿಚಿತ್ರ ಇಲ್ಲಿನ ಗಂಟೆ. ಹಡಗು ಪಡುವಣಕ್ಕೆ ಹೋಗುತ್ತದಲ್ಲ, ಒಂದು ದಿನ ಬಿಟ್ಟು ಒಂದು ದಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ದಿನಕ್ಕೆ ಇಪ್ಪತ್ತೈದು ಗಂಟೆ. ಈವರೆಗೆ ಹಾಗೆ ಮೂರು ಗಂಟೆ ಪುಕ್ಕಟೆ ಸಿಕ್ಕಿದೆ. ಎಲ್ಲರೂ ತಿರುಗಿಸಿಕೊಂಡರು, ನಿನ್ನ ತಮ್ಮನೊಬ್ಬನನ್ನು ಬಿಟ್ಟು. ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಟೈಮ್‌ಕೀಪರ್ ಆಗಿದ್ದ ಮಹಾನುಭಾವ. ಅವನ ವಾಚು ಊರಿನ ಗಂಟೆಯನ್ನೇ ತೋರಿಸುತ್ತಿತ್ತು.

“ತಿರುಗ್ಸೋ ಮಾರಾಯ, ಊಟ ತಪ್ಪೀತು.”

“ಊಟಕ್ಕೆ ನೀವು ಕರೀತೀರಲ್ಲ ಭಾವ. ದಿನಾ ಮಾತು ಬದಲಿಸೋ ಗಡಿಯಾರ ನಾನು ನೋಡಲ್ಲ.”

ಅಪ್ಪಟ ಹಟಮಾರಿ, ಅಕ್ಕನ ರಕ್ತ ಎಂದು ನಗೆಯಾಡಿದೆ. ಊಟದ ಮೇಜಿನಲ್ಲಿ ಡಾಕ್ಟರಮ್ಮನ ಎದುರಿಗೂ ಆಡಿಕೊಂಡೆ. ಅವನು ತಲೆ ತಗ್ಗಿಸಿ ವಾಚನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡ. ಯಾಕೆಂದು ಈಗ ಗೊತ್ತಾಗಿದೆ.

ಇವತ್ತು ತಿಂಡಿ ಮುಗಿಸುವಷ್ಟರಲ್ಲಿ ಅವನ ಮುಖದ ಬಣ್ಣವೇ ಸರಿಯಿರಲಿಲ್ಲ. “ಭಾವ, ಕೌಂಟರಿಗೆ ಬನ್ನಿ, ಅಕ್ಕನಿಗೆ ಸುಮ್ನೆ ಒಂದು ಫೋನ್ ಮಾಡೋಣ” ಎಂದ. ಒಂದು ಮಾತಿಗೆ ಎಷ್ಟು ಸುಲಿಯುತ್ತಾರೋ, ನಿನ್ನಕ್ಕನಿಗೆ ಸುಮ್ನೆ ಮಾತಾಡೋ ಅಭ್ಯಾಸವಿಲ್ಲ ಎಂದೆ. ಸುಳ್ಳು ಹೇಳಿ ಅಭ್ಯಾಸವಿದ್ದವನಾದರೆ ತಾನೇ, ಮೆಟ್ಟಿಲ ಮೇಲೆ ಕೂತೇಬಿಟ್ಟ. ಎಲ್ಲ ಹೇಳಿದ. ನೀನು ಅವನಿಗೆ ಹೇಳಿದ ಮಾತನ್ನೂ ಹೇಳಿದ: “ಅವರು ಇಲ್ಲಿದ್ರೆ ಡಾಕ್ಟರನ್ನೂ ನಗಿಸ್ತಾರೆ ಕಣೋ. ಚಾಕು ಹಿಡಿದ ಕೈ ಅಲ್ಲಾಡಬಾರದು. ಆದ್ರೆ ಒಳಗೆ ಹೋಗೋ ಮುಂಚೆ ಒಂದು ಸಲ ಅವರ ದನಿ ಕೇಳಬೇಕು. ಇಲ್ಲಿನ ಒಂಬತ್ತೂವರೆಗೆ ಸರಿಯಾಗಿ ಫೋನ್ ಮಾಡಿ, ಏನೋ ನೆಪ ಹೇಳಿ ಅವರ ಕೈಗೆ ಕೊಡು. ಹುಚ್ಚುಹುಚ್ಚಾಗಿ ಏನಾದ್ರೂ ಅಂತಾರೆ. ಅಷ್ಟು ಸಾಕು.”

ಅವನ ವಾಚಿನಲ್ಲಿ ಒಂಬತ್ತೂ ಇಪ್ಪತ್ತೆಂಟು. ಮೆಟ್ಟಿಲನ್ನು ಎರಡೆರಡು ಹಾರಿ ಇಳಿದೆವು. ಸರಿಯಾಗಿ ಒಂಬತ್ತೂವರೆಗೆ ಆ ಕಡೆ ನಿನ್ನ ತಂಗಿ ಫೋನ್ ಎತ್ತಿದಳು.

“ಏನಣ್ಣಾ ಇದು, ಈಗ ಮಾಡ್ತೀಯಾ? ಅಕ್ಕನ್ನ ಹತ್ತಕ್ಕೇ ಒಳಗೆ ಕರ್ಕೊಂಡು ಹೋದ್ರು. ಫೋನ್ ಎದೆ ಮೇಲೇ ಇಟ್ಕೊಂಡಿದ್ಲು. ಗಾಲಿ ಮಂಚ ಬಂದ ಮೇಲೂ ಎರಡು ನಿಮಿಷ ತಾಳೀಮ್ಮಾ ಅಂತ ನರ್ಸಿಗೆ ಕೈ ಮುಗಿದ್ಲು.”

“ಈಗ ಗಂಟೆ ಎಷ್ಟೇ ಅಲ್ಲಿ?”

“ಹತ್ತೂವರೆ.”

ನಿನ್ನ ತಮ್ಮ ವಾಚನ್ನು ಕಿವಿಗೆ ಹಿಡಿದ. ಓಡುತ್ತಿತ್ತು. ಇನ್ನೊಮ್ಮೆ ಹಿಡಿದ. ಆಮೇಲೆ ಬಿಚ್ಚಿ, ಮೇಜಿನ ಮೇಲೆ ಮಕಾಡೆ ಹಾಕಿದ. “ಒಂದು ಬಸ್ಸನ್ನ ತಡವಾಗಿ ಬಿಟ್ಟೋನಲ್ಲ ಭಾವ ನಾನು” ಎಂದ. ಡಾಕ್ಟರಮ್ಮ ಬಂದು ಇಬ್ಬರಿಗೂ ಕಾಫಿ ತಂದಿಟ್ಟು, ಏನನ್ನೂ ಕೇಳದೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ಕಾಫಿ ಆರಿಹೋಗಿದೆ. ಹಡಗು ತೂಗುತ್ತಿದೆ, ಅಕ್ಷರ ಸೊಟ್ಟಗಾದರೆ ಅದಕ್ಕೆ ಹಡಗೇ ಹೊಣೆ ಎಂದು ತಿಳಿ.

ಹಿರಿಯನಾದ್ದರಿಂದ ಹರಸುವ ಅಧಿಕಾರ ನನಗಿದೆ. ದೀರ್ಘಸುಮಂಗಲಿಯಾಗಿರು ಎಂದರೆ ಲಾಭವೆಲ್ಲ ನನ್ನ ಪಾಲಿಗೇ ಬರುತ್ತದೆ. ಆದ್ದರಿಂದ, ಬರೀ ದೀರ್ಘವಾಗಿರು. ನನಗಿಂತ ಒಂದು ದಿನ ಹೆಚ್ಚಿಗಿರು. ಆ ದಿನಕ್ಕೆ ಇಪ್ಪತ್ತೈದು ಗಂಟೆಯಿರಲಿ.

ಇತಿ ನಿನ್ನ ಆಜ್ಞಾಧಾರಕ,
ಟೈಪಿಸ್ಟ್ (ನಿವೃತ್ತ)

ವಿ.ಸೂ.: ಹಡಗಿನಲ್ಲಿ ಹನ್ನೊಂದೂವರೆ. ಫೋನ್ ಬಂತು. ಗಡ್ಡೆ ತೆಗೆದರಂತೆ, ನಿನಗೆ ಎಚ್ಚರವಾಯಿತಂತೆ. ಕೌಂಟರಿನ ಹುಡುಗಿಯೂ ಡಾಕ್ಟರಮ್ಮನೂ ಚಪ್ಪಾಳೆ ತಟ್ಟಿದರು. ನಾನು ಸೋಫಾದ ಕೈ ಹಿಡಿದುಕೊಂಡೆ. ಕಣ್ಣು ಬಿಟ್ಟವಳೇ ‘ಫೋನ್ ಬಂತಾ’ ಎಂದು ಕೇಳಿದೆಯಂತೆ. ಬಂತು, ಒಂದು ಗಂಟೆ ತಡವಾಗಿ ಎಂದಳಂತೆ ನಿನ್ನ ತಂಗಿ. ಅದಕ್ಕೆ ನೀನು, “ನನ್ನ ತಮ್ಮ ತಡ ಮಾಡೋನಲ್ಲ. ಇದರಲ್ಲಿ ಅವರ ಕೈ ಇದೆ” ಎಂದು ಮತ್ತೆ ಕಣ್ಣು ಮುಚ್ಚಿದೆಯಂತೆ.

ಇದೆ. ಮೂರನೇ ದಿನ, ಡಾಕ್ಟರಮ್ಮ ಹೇಳಿದ್ದ ಆ ದಿನವೇ, ಅವನು ಸ್ನಾನಕ್ಕೆ ಹೋದಾಗ ವಾಚು ದಿಂಬಿನ ಪಕ್ಕದಲ್ಲಿತ್ತು. ತಮಾಷೆ ನೋಡೋಣವೆಂದು ಒಂದು ಗಂಟೆ ಹಿಂದಕ್ಕೆ ತಿರುಗಿಸಿಟ್ಟೆ. ಒಬ್ಬನೇ ನಕ್ಕೆ. ಗೊತ್ತಾದಾಗ ಕುಣಿದಾಡಲಿ, ಆಗ ಹೇಳೋಣ ಎಂದುಕೊಂಡೆ. ಅವನಿಗೆ ಗೊತ್ತಾಗಲಿಲ್ಲ. ಆ ವಾಚನ್ನು ಅನುಮಾನಿಸುವುದು ಅವನಿಗೆ ಗೊತ್ತಿಲ್ಲ. ನನಗೂ ಮರೆತುಹೋಯಿತು, ನಿನ್ನ ತಂಗಿ ‘ಹತ್ತೂವರೆ’ ಎನ್ನುವವರೆಗೆ. ನೀನು ಫೋನ್ ಹಿಡಿದು ಕಾದದ್ದು ನನ್ನ ಒಂದು ಹುಚ್ಚು ಮಾತಿಗೆ. ಆ ಮಾತನ್ನು ನಾನು ಮೂರು ದಿನ ಮೊದಲೇ ಆಡಿ ಮುಗಿಸಿದ್ದೆ.

ಇದನ್ನು ಅವನಿಗೆ ಇನ್ನೂ ಹೇಳಿಲ್ಲ. ವಾಚು ಮೇಜಿನ ಮೇಲೆ ಹಾಗೇ ಮಕಾಡೆ ಬಿದ್ದಿದೆ. ಎದುರಿಗೆ ಕೂತು, ಕಣ್ಣೊರೆಸಿಕೊಂಡು ಕೇಳುತ್ತಿದ್ದಾನೆ: “ಅಕ್ಕನಿಗೆ ಏನು ಬರೀತಿದ್ದೀರಿ ಭಾವ, ಇಷ್ಟುದ್ದ?”

ಕಾಗದವನ್ನು ಅವನ ಕೈಗೆ ಕೊಡುತ್ತಿದ್ದೇನೆ. ಅಂಚೆಗೆ ಹಾಕುವುದು, ಬಿಡುವುದು ಅವನಿಗೆ ಸೇರಿದ್ದು.